ಬೊಗಳಿದರೆ ಐದು ಅಂಕ ಕಡಿತ

ನಮ್ಮದು ಮೊಟ್ಟೆ ಕೂಡ ಹೊಸ್ತಿಲು ದಾಟದ ಮನೆ. ಕೊರಳಲ್ಲಿ ಲಿಂಗ, ಸೋಮವಾರ ಒಪ್ಪತ್ತು, ಅಡುಗೆಮನೆಗೆ ಬೆಕ್ಕು ನುಗ್ಗಿದರೆ ನೆಲ ಸಾರಿಸುವ ಪದ್ಧತಿ. ಅಂಥ ಮನೆಯವರು ಒಂದು ವರ್ಷ, ಕಾಡುಹಂದಿಯ ಬೇಟೆಗೆ ಯಾವ ತಳಿಯ ನಾಯಿ ಒಳ್ಳೆಯದು ಎಂದು ಅಲೆದೆವು. ಅಲೆದೆವು ಎಂದರೆ ನಾನು ಅಲೆದೆ. ಉಳಿದವರು ಸಲಹೆ ಕೊಟ್ಟರು.

ಇದು ಅರವತ್ತರ ದಶಕದ ನಡುವಿನ ಮಾತು. ಕಾಡುಪ್ರಾಣಿಗಳ ಕಾನೂನು ಇನ್ನೂ ಬಂದಿರಲಿಲ್ಲ. ನಾನು ಬಳ್ಳಾರಿಯ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ವ್ಯಾಯಾಮದ ಟೀಚರು. ಐದಕ್ಕೆ ಏಳುವುದು, ಆರಕ್ಕೆ ಮೈದಾನ, ಆರೂ ಹತ್ತಕ್ಕೆ ಹಾಜರಿ. ಕೊರಳಲ್ಲಿ ಲಿಂಗದ ಜೊತೆಗೆ ಒಂದು ಸೀಟಿ. ಇನ್ನೂರು ಹುಡುಗಿಯರು ನನ್ನ ಒಂದು ಸೀಟಿಗೆ ಸಾಲಾಗುತ್ತಿದ್ದರು. ಈ ಒಂದೇ ಅರ್ಹತೆಯ ಮೇಲೆ ನಾಯಿಯ ಕೆಲಸ ನನ್ನ ಪಾಲಿಗೆ ಬಂತು.

ಅವ್ವನ ತವರು ಕುರುಗೋಡು. ಅಪ್ಪನ ಊರು ಸಿರುಗುಪ್ಪ ತಾಲ್ಲೂಕಿನ ದೇಶನೂರು. ಅಲ್ಲಿ ಕಾಲುವೆ ನೀರು, ಭತ್ತದ ಗದ್ದೆ. ಮದುವೆಯಲ್ಲಿ ಅಜ್ಜ ಅವ್ವನಿಗೆ ಅರಿಷಿಣ-ಕುಂಕುಮಕ್ಕೆಂದು ಕುರುಗೋಡಿನ ಗುಡ್ಡದ ಬುಡದಲ್ಲಿ ಐದೆಕರೆ ಹೊಲ ಕೊಟ್ಟಿದ್ದ. ಹಾಗೆ ಕೊಟ್ಟ ಹೊಲ ಹೆಣ್ಣುಮಗಳದು, ಅದರ ಬೆಳೆಯನ್ನು ಗಂಡ ಕೇಳುವಂತಿಲ್ಲ ಎಂಬುದು ನಮ್ಮ ಕಡೆಯ ವಾಡಿಕೆ. ಆದರೆ ಕಾಗದ ಅಪ್ಪನ ಹೆಸರಿನಲ್ಲಿತ್ತು. ಅವ್ವ ಪ್ರತಿ ವರ್ಷ ಶೇಂಗಾ ಬಿತ್ತಿಸಿ, ಕೀಳುವಾಗ ತಾನೇ ಹೋಗಿ ನಿಂತು, ಮೊದಲ ಹಿಡಿಯನ್ನು ಉಡಿಯಲ್ಲಿ ಕಟ್ಟಿಕೊಂಡು ಬರುತ್ತಿದ್ದಳು. ವರ್ಷಕ್ಕೆ ಅದೊಂದು ಸಲ ಅವಳು ನಡೆಯುವ ರೀತಿಯೇ ಬೇರೆಯಾಗುತ್ತಿತ್ತು.

ಎರಡು ವರ್ಷದಿಂದ ಕಟ್ಟಿಕೊಳ್ಳಲು ಹಿಡಿ ಶೇಂಗಾ ಸಿಕ್ಕಿರಲಿಲ್ಲ. ಗುಡ್ಡದ ಬಂಡೆಗಳ ಸಂದಿಯಲ್ಲಿ ಹಗಲೆಲ್ಲ ಮಲಗಿದ ಹಂದಿಗಳು ಕತ್ತಲಾದ ಮೇಲೆ ಇಳಿದು ಬಂದು ಮೂತಿಯಿಂದ ಹೊಲ ಉತ್ತು ಹೋಗುತ್ತಿದ್ದವು. ಅಪ್ಪ ಲೆಕ್ಕಾಚಾರದ ಮನುಷ್ಯ, ಕೆಟ್ಟವನಲ್ಲ. ಮೂರನೆಯ ವರ್ಷವೂ ಹೀಗೇ ಆದರೆ ಆ ಹೊಲವನ್ನು ಸಿರುಗುಪ್ಪದ ಕಾಲುವೆ ಕೆಳಗಿನ ಗದ್ದೆಗೆ ಅದಲು ಬದಲು ಮಾಡುವುದಾಗಿ ಹೇಳಿದ. ಕೇಳುವವರೂ ಇದ್ದರು. ದೀಪಾವಳಿಯವರೆಗೆ ಕಾಯುತ್ತೇನೆ ಎಂದ.

ಹಂದಿಗೆ ಬಂದೂಕಿನವರನ್ನು ಕರೆಸೋಣ ಎಂದು ಅವ್ವನ ತಮ್ಮ, ಅಂದರೆ ಕುರುಗೋಡಿನಲ್ಲೇ ಇದ್ದು ಹೊಲ ನೋಡಿಕೊಳ್ಳುತ್ತಿದ್ದ ನನ್ನ ಸೋದರಮಾವ, ಹೇಳಿದಾಗ ಅವ್ವ ಬಾಯಿ ತೆರೆದಳು.

"ನನ್ನ ಹೊಲದಾಗ ರಕ್ತ ಬಿದ್ರ ಆ ಶೇಂಗಾದೆಣ್ಣಿ ನಾ ದೀಪಕ್ಕೂ ಹಾಕಂಗಿಲ್ಲ."

ಬಂದೂಕು ಹೋಯಿತು. ಮಾವ ನನಗೆ ಕಾರ್ಡು ಬರೆದ. ಬೇಟೆ ನಾಯಿ ಒಂದು ಬೇಕು, ಅದು ಹಂದಿಯನ್ನು ಓಡಿಸಬೇಕು, ಕೊಲ್ಲಬಾರದು, ಮನೆಯ ಊಟ ತಿನ್ನಬೇಕು. ಇನ್ನೂರು ಹುಡುಗಿಯರನ್ನು ಹದ್ದುಬಸ್ತಿನಲ್ಲಿಟ್ಟವಳಿಗೆ ಒಂದು ನಾಯಿ ಏನು ಮಹಾ, ಎಂದಿತ್ತು ಕಾರ್ಡಿನಲ್ಲಿ.

ನಾನು ಹೊಸ ನೋಟುಬುಕ್ಕು ತೆಗೆದುಕೊಂಡು ಗೆರೆ ಎಳೆದೆ. ನೂರು ಅಂಕದ ಪರೀಕ್ಷೆ. ಓಟಕ್ಕೆ ಮೂವತ್ತು, ಹೇಳಿದ ಮಾತು ಕೇಳುವುದಕ್ಕೆ ಮೂವತ್ತು, ಶಿಸ್ತಿಗೆ ಇಪ್ಪತ್ತು, ಜೋಳದ ರೊಟ್ಟಿ ತಿನ್ನುವುದಕ್ಕೆ ಇಪ್ಪತ್ತು. ಕೆಳಗೆ ಕೆಂಪು ಶಾಯಿಯಲ್ಲಿ ಒಂದು ಸೂಚನೆ: ಬೊಗಳಿದರೆ ಪ್ರತಿ ಸಲಕ್ಕೆ ಐದು ಅಂಕ ಕಡಿತ. ಸಾಲಿನಲ್ಲಿ ಮಾತಾಡಿದ ಹುಡುಗಿಯರಿಗೂ ಇದೇ ನಿಯಮವಿತ್ತು. ಪುಸ್ತಕ ನೋಡಿದ ಮಾವ, ನಾಯಿಗೆ ಎಸ್ಸೆಸ್ಸೆಲ್ಸಿ ಕಟ್ಟಿಸುತ್ತಿದ್ದೀಯಾ, ಫೇಲಾದರೆ ಮತ್ತೆ ಮಾರ್ಚಿಗೆ ಕೂರಿಸುತ್ತೀಯಾ ಎಂದು ಕೇಳಿದ.

ಮೊದಲ ಭಾನುವಾರ ಕಂಟೋನ್ಮೆಂಟಿಗೆ ಹೋದೆ. ಮಿಲಿಟರಿಯಿಂದ ನಿವೃತ್ತರಾದ ಸಾಹೇಬರೊಬ್ಬರ ಅಲ್ಸೇಷಿಯನ್. ಕೂರು ಎಂದರೆ ಕೂರುತ್ತಿತ್ತು, ನಿಲ್ಲು ಎಂದರೆ ನಿಲ್ಲುತ್ತಿತ್ತು. ನನ್ನ ಎಂಟನೇ ತರಗತಿಯ 'ಬಿ' ವಿಭಾಗಕ್ಕಿಂತ ಎಷ್ಟೋ ವಾಸಿ. ಊಟದ ಹೊತ್ತಿಗೆ ಅದಕ್ಕೆ ಎಪ್ಪತ್ತೆರಡು ಅಂಕ ಬಂದಿತ್ತು. ಡಬ್ಬಿ ಬಿಚ್ಚಿ ರೊಟ್ಟಿ ಮತ್ತು ಜುಣಕ ಇಟ್ಟೆ. ಅದು ರೊಟ್ಟಿಯನ್ನು ನೋಡಿತು, ನನ್ನನ್ನು ನೋಡಿತು, ಕೊನೆಗೆ ಸಾಹೇಬರನ್ನು ನೋಡಿ, ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟಿತು. ದಿನಕ್ಕೊಂದು ಸೇರು ಖೀಮಾ ಆಗಬೇಕು, ನಿಮ್ಮ ಮನೆಯಲ್ಲಿ ಹಾಕುತ್ತೀರಾ ಎಂದು ಸಾಹೇಬರು ಬಹಳ ಮರ್ಯಾದೆಯಿಂದ ಕೇಳಿದರು. ನಾನು ಪುಸ್ತಕ ಮುಚ್ಚಿದೆ. ರೊಟ್ಟಿಯನ್ನು ಅವರೇ ತಿಂದರು, ಚಲೋ ಆಗಿದೆ ಎಂದರು.

ಎರಡನೆಯದು ರೈಲ್ವೆ ಕ್ವಾರ್ಟರ್ಸಿನ ಗಾರ್ಡೊಬ್ಬರ ಮನೆಯ ರಾಜಪಾಳ್ಯಂ. ಮದರಾಸು ಕಡೆಯಿಂದ ರೈಲಿನಲ್ಲೇ ಬಂದದ್ದು. ಹಾಲಿನಂಥ ಬಿಳಿ, ಮೂಗು ಗುಲಾಬಿ ಬಣ್ಣ. ರೊಟ್ಟಿ ತಿಂದಿತು, ಮೊಸರನ್ನ ಇದೆಯೇ ಎನ್ನುವ ಹಾಗೆ ಡಬ್ಬಿಯನ್ನೂ ನೆಕ್ಕಿತು. ಒಮ್ಮೆಯೂ ಬೊಗಳಲಿಲ್ಲ. ನನಗೆ ಬಹಳ ಹಿಡಿಸಿತು. ಮಾತು ಕೇಳುವ ಪರೀಕ್ಷೆಗೆ ಹತ್ತು ಹೆಜ್ಜೆ ಹಿಂದೆ ನಿಂತು ಸೀಟಿ ಊದಿದೆ. ಅದು ಕಾಗೆಯನ್ನು ನೋಡುತ್ತಿತ್ತು. ಜೋರಾಗಿ ಊದಿದೆ. ಅಕ್ಕಪಕ್ಕದ ಮನೆಗಳಿಂದ ನಮ್ಮ ಶಾಲೆಯ ನಾಲ್ಕು ಹುಡುಗಿಯರು ಓಡಿ ಬಂದು ಅಂಗಳದಲ್ಲಿ ಸಾಲಾಗಿ ನಿಂತರು. ನಾಯಿ ಮಾತ್ರ ಕಾಗೆಯನ್ನೇ ನೋಡುತ್ತಿತ್ತು. ಆಗ ಗಾರ್ಡಿನ ಹೆಂಡತಿ ಒಳಗಿನಿಂದ ತೆಲುಗಿನಲ್ಲಿ ಕೂಗಿ ಹೇಳಿದರು: ಅದಕ್ಕೆ ಕಿವಿ ಕೇಳಿಸುವುದಿಲ್ಲಮ್ಮಾ, ಹುಟ್ಟು ಕಿವುಡು. ಮೊದಲೇ ಯಾಕೆ ಹೇಳಲಿಲ್ಲ ಎಂದರೆ, ನೀವು ಕೇಳಲಿಲ್ಲವಲ್ಲ ಎಂದರು. ಅದೂ ಸರಿಯೇ. ನನ್ನ ಪುಸ್ತಕದಲ್ಲಿ ಆ ಕಾಲಂ ಇರಲಿಲ್ಲ.

ಮೂರನೆಯದು ಬಿಜಾಪುರ ಕಡೆಯ ಹತ್ತಿ ವ್ಯಾಪಾರಿಯೊಬ್ಬರ ಮುಧೋಳ ನಾಯಿ. ಜೋಳದ ಹಿಟ್ಟು, ಹಾಲಿನಲ್ಲೇ ಬೆಳೆದದ್ದು. ಮೈದಾನದಲ್ಲಿ ಅದು ಓಡಿದ್ದನ್ನು ನಾನು ನೋಡಲಿಲ್ಲ. ಈ ಗೋಲಿನ ಹತ್ತಿರ ಇತ್ತು, ಆಮೇಲೆ ಆ ಗೋಲಿನ ಹತ್ತಿರ ಇತ್ತು, ಅಷ್ಟೇ. ಕಿವಿ ಚುರುಕು. ಸದ್ದಂತೂ ಇಲ್ಲವೇ ಇಲ್ಲ. ತೊಂಬತ್ತೇಳು ಅಂಕ. ಮೂರು ಹೋದದ್ದು ನನ್ನ ಕೈಚೀಲದ ಹಿಡಿ ಕಡಿದದ್ದಕ್ಕೆ. ವ್ಯಾಪಾರಿಗಳು ಬೆಳೆ ಬರುವವರೆಗೆ ಇಟ್ಟುಕೊಳ್ಳಿ ಎಂದರು. ಕುರುಗೋಡಿನ ಬಸ್ಸಿನಲ್ಲಿ ಕಂಡಕ್ಟರು ನಾಯಿ ಸೀಟಿನ ಮೇಲೆ ಕೂತರೆ ಫುಲ್ ಟಿಕೆಟ್, ಕೆಳಗೆ ಕೂತರೆ ಹಾಫ್ ಎಂದ. ಅದು ತಾನಾಗಿ ಕೆಳಗೆ ಕೂತಿತು. ನನಗಾದ ಹೆಮ್ಮೆ ಅಷ್ಟಿಷ್ಟಲ್ಲ.

ಅವು ನಾಗರ ಪಂಚಮಿಯ ದಿನಗಳು. ಅವ್ವ ತವರಿಗೆ ಬಂದಿದ್ದಳು. ಬೇವಿನ ಮರಕ್ಕೆ ಜೋಕಾಲಿ ಕಟ್ಟಿತ್ತು, ಒಳಗೆ ಉಂಡಿ ಕಟ್ಟುತ್ತಿದ್ದರು. ಸಂಜೆ ಆರೂ ಕಾಲಿಗೆ ನಾನೂ ಮಾವನೂ ನಾಯಿಯನ್ನು ಹೊಲಕ್ಕೆ ಕರೆದೊಯ್ದು ಹಗ್ಗ ಬಿಚ್ಚಿದೆವು. ಅದು ಒಮ್ಮೆ ತಲೆ ಎತ್ತಿತು, ಇಲ್ಲವಾಯಿತು. ಸೀಟಿ ಊದಿದೆ, ಕೂಗಿದೆವು, ಹುಡುಕಿದೆವು. ಬರಿಗೈಯಲ್ಲಿ ಮನೆಗೆ ಬಂದಾಗ ಅದು ನಮಗಿಂತ ಮೊದಲೇ ಬಂದು ಹೊಸ್ತಿಲ ಮುಂದೆ ರಂಗೋಲಿಯ ಪಕ್ಕ ಕುಳಿತಿತ್ತು. ರಂಗೋಲಿಯ ನಟ್ಟನಡುವೆ ಒಂದು ಮೊಲ ಇಟ್ಟಿತ್ತು. ಉಂಡಿಯ ತಟ್ಟೆ ಹಿಡಿದುಕೊಂಡು ಅವ್ವ ಹೊಸ್ತಿಲ ಒಳಗೆ ನಿಂತಿದ್ದಳು.

ಅವಳು ತಟ್ಟೆ ಇಟ್ಟಳು, ಹಿತ್ತಿಲ ಬಾವಿಗೆ ಹೋಗಿ ಉಟ್ಟ ಸೀರೆಯಲ್ಲೇ ತಲೆಯ ಮೇಲೆ ನೀರು ಹೊಯ್ದುಕೊಂಡಳು, ಮರುದಿನದ ಪೂಜೆಯವರೆಗೆ ಹನಿ ನೀರು ಮುಟ್ಟಲಿಲ್ಲ. ಪೂಜೆ ಮುಗಿದ ಮೇಲೆ ನನ್ನನ್ನು ಕರೆದಳು.

"ನಿನ್ನಿ ಮೊಲ ಆತು, ನಾಳೆ ಹಂದಿ. ನನ್ನ ಹೊಲ ಉಳಸಾಕ ಇನ್ನೊಂದು ಜೀವ ಹೋಗೂದಾದ್ರ ಬ್ಯಾಡವ್ವ. ನಿಮ್ಮಪ್ಪ ಹೇಳಿದಂಗ ಆಗ್ಲಿ ಬಿಡು."

ಅಷ್ಟು ಹೇಳಿ, ಮುಖ ತಿರುಗಿಸಿ, ಮತ್ತೆ ಉಂಡಿ ಕಟ್ಟಲು ಕೂತಳು. ಕಟ್ಟಿದ ಉಂಡಿಗಳು ಒಂದೂ ಗುಂಡಗಾಗಲಿಲ್ಲ.

ಮುಧೋಳ ನಾಯಿ ಬಳ್ಳಾರಿಗೆ ಹೊರಟಿದ್ದ ಊರಿನವರೊಬ್ಬರ ಜೊತೆ ಮರುದಿನ ಬೆಳಗಿನ ಬಸ್ಸಿಗೆ ಹಾಫ್ ಟಿಕೆಟ್ಟಿನಲ್ಲಿ ವಾಪಸು ಹೋಯಿತು. ನಾನು ಪುಸ್ತಕ ಹಿಡಿದು ಕಟ್ಟೆಯ ಮೇಲೆ ಕೂತೆ. ಅದೇ ಕಟ್ಟೆಯ ಮೇಲೆ ಊರಿನ ಒಬ್ಬ ತಾತ ಕೂರುತ್ತಿದ್ದ. ವಯಸ್ಸಿನಲ್ಲಿದ್ದಾಗ ಗುಡ್ಡವೆಲ್ಲ ಬೇಟೆಯಾಡಿದವನು, ಈಗ ಬಾಯಲ್ಲಿ ಒಂದೂ ಹಲ್ಲಿಲ್ಲ. ಪುಸ್ತಕದಲ್ಲಿ ಏನು ಬರೆದಿದ್ದೀ ಎಂದು ಕೇಳಿದ. ಓದಿ ಹೇಳಿದೆ. ಓಟ, ಮಾತು, ಊಟ ಎಲ್ಲಕ್ಕೂ ತಲೆದೂಗಿದ. ಕೆಂಪು ಶಾಯಿಯ ಸಾಲು ಓದಿದಾಗ, ಇನ್ನೊಮ್ಮೆ ಓದು ಎಂದ. ಓದಿದೆ. ಆ ಮನುಷ್ಯ ನಕ್ಕ ನಗೆಗೆ ಕಂಬ ಹಿಡಿದುಕೊಳ್ಳಬೇಕಾಯಿತು.

"ಮೂಕನ್ನ ಆರಿಸಿ ಭಜನಿಗಿ ಕರಕೊಂಡು ಬಂದೀಯಲ್ಲವ್ವ ಟೀಚರಮ್ಮ."

ಆಮೇಲೆ ಸಮಾಧಾನವಾಗಿ ಬಿಡಿಸಿ ಹೇಳಿದ. ಬೇಟೆಯಲ್ಲಿ ನಾಯಿ ಎರಡು ಬಗೆ: ಹಲ್ಲಿನ ನಾಯಿ, ಬಾಯಿ ನಾಯಿ. ಹಲ್ಲಿನದು ಹೋಗಿ ಹಂದಿಯನ್ನು ಹಿಡಿಯುತ್ತದೆ, ಹಂದಿ ಅದರ ಹೊಟ್ಟೆ ಸೀಳುತ್ತದೆ. ಬಾಯಿಯದು ಮುಟ್ಟುವುದಿಲ್ಲ, ಎಟುಕದಷ್ಟು ದೂರ ನಿಂತು ಒದರುತ್ತದೆ. ಹಂದಿಗೆ ಎಲ್ಲಕ್ಕಿಂತ ಹಗಲು ನಿದ್ದೆ ಮುಖ್ಯ. ಮಲಗಿದ ಜಾಗಕ್ಕೇ ಹೋಗಿ ದಿನಾ ಬೆಳಿಗ್ಗೆ ಎಬ್ಬಿಸಿದರೆ, ಎಂಟು-ಹತ್ತು ದಿನಕ್ಕೆ ಅವು ಗುಡ್ಡವನ್ನೇ ಬಿಟ್ಟು ಹೋಗುತ್ತವೆ. ಬಂಡೆಯ ಸಂದಿಯಲ್ಲಿ ತೂರಬೇಕಾದ್ದರಿಂದ ನಾಯಿ ಗಿಡ್ಡ ಇದ್ದಷ್ಟೂ ಒಳ್ಳೆಯದು. ನಿಮ್ಮವ್ವ ಕೇಳಿದ್ದು ಸರಿಯಾಗೇ ಐತಿ, ನೀನೇ ತಪ್ಪು ತಿಳಕೊಂಡಿ ಎಂದ.

ಇಷ್ಟು ದಿನ ನಾನು ಬಾಯಿ ನಾಯಿಗಳನ್ನು ಬಿಟ್ಟು ಬಾಯಿಲ್ಲದವನ್ನೇ ಹುಡುಕುತ್ತಾ ಬಂದಿದ್ದೆ. ಕೆಂಪು ಸಾಲಿನ ಮೇಲೆ ಗೆರೆ ಎಳೆದು, ಬೊಗಳುವುದಕ್ಕೆ ಐವತ್ತು ಅಂಕ ಎಂದು ಬರೆದೆ. ಬರೆಯುವಾಗಲೇ ಆ ಐವತ್ತಕ್ಕೆ ಐವತ್ತೂ ಪಡೆಯುವ ನಾಯಿ ಯಾವುದೆಂದು ನನಗೆ ಗೊತ್ತಿತ್ತು.

ಅದು ನಮ್ಮ ಹೆಡ್‌ಮಿಸ್ಟ್ರೆಸ್ಸರ ಮನೆಯಲ್ಲಿತ್ತು. ಸಂಡೂರಿನ ಗಣಿ ಕಡೆ ಇದ್ದ ಪರದೇಶದ ಇಂಜಿನಿಯರೊಬ್ಬರು ತಮ್ಮ ದೇಶಕ್ಕೆ ಮರಳುವಾಗ ಬಿಟ್ಟುಹೋದದ್ದು. ಡ್ಯಾಶ್‌ಹೌಂಡ್ ಎಂಬ ತಳಿ. ಮೈ ಒಂದು ಮೊಳಕ್ಕಿಂತ ಉದ್ದ, ಕಾಲು ಗೇಣಿಗಿಂತ ಗಿಡ್ಡ, ಕಿವಿ ನೆಲ ಗುಡಿಸುವಂತಿತ್ತು. ಹಾಲಿನವನು, ಪೋಸ್ಟಿನವನು, ಮೋಡ, ಎಲ್ಲದಕ್ಕೂ ಬೊಗಳುತ್ತಿತ್ತು. ಅಕ್ಕಪಕ್ಕದವರು ದೂರು ಹೇಳಿ ಹೇಳಿ ಸೋತಿದ್ದರು. ಸ್ಟಾಪ್‌ವಾಚ್ ಹಿಡಿದು ಎಣಿಸಿದೆ. ನಿಮಿಷಕ್ಕೆ ಐವತ್ತೆರಡು ಬೊಗಳು. ರೊಟ್ಟಿ ಇಟ್ಟೆ, ಬೊಗಳುತ್ತಲೇ ತಿಂದಿತು. ನಾನು ಕೇಳುವ ಮೊದಲೇ ಹೆಡ್‌ಮಿಸ್ಟ್ರೆಸ್ಸರು ಅದರ ಬಟ್ಟಲು, ಚಾಪೆ, ಬೆಲ್ಟು ಎಲ್ಲ ಕಟ್ಟಿ ಕೈಗಿತ್ತು ಗೇಟು ಹಾಕಿಕೊಂಡರು.

ದಸರಾ ರಜೆ ಶುರುವಾದ ದಿನ ವಾಲಿಬಾಲ್ ನೆಟ್ಟಿನ ಚೀಲದಲ್ಲಿ ಅದನ್ನು ಕೂರಿಸಿ ಬಸ್ಸು ಹತ್ತಿದೆ. ಅದೇ ಕಂಡಕ್ಟರು. ಚೀಲದಲ್ಲಿ ಏನಿದೆ ಎಂದು ಕೇಳಿದ. ಆಟದ ಸಾಮಾನು ಎಂದೆ. ಸಾಮಾನು ಬೊಗಳಿತು. ಇದು ಸೀಟಿನ ಮೇಲೂ ಇಲ್ಲ, ಕೆಳಗೂ ಇಲ್ಲ, ತೊಡೆಯ ಮೇಲಿದೆ, ಇದಕ್ಕೆ ಯಾವ ಟಿಕೆಟ್ ಎಂದು ಕೇಳಿದೆ. ಅವನು ಕುರುಗೋಡು ಬರುವವರೆಗೆ ಯೋಚಿಸಿದ.

ಚೀಲದಿಂದ ಇಳಿಸಿದ್ದನ್ನು ಮಾವ ಸುತ್ತ ಮೂರು ಸಲ ತಿರುಗಿ ನೋಡಿದ.

"ಏ ಹುಡುಗಿ, ಇದರ ನಡುವಿನ ಕಾಲು ಬಸ್ಸಿನಾಗ ಬಿದ್ವೇನ?"

ತಾತ ಮಾತ್ರ ನಗಲಿಲ್ಲ. ಎತ್ತಿಕೊಂಡು, ಹಲ್ಲು ನೋಡದೆ, ಕುತ್ತಿಗೆಗೆ ಕಿವಿ ಹಚ್ಚಿ ಕೇಳಿದ. ಗಂಟಲು ಚಲೋ ಐತಿ ಎಂದು ಪಾಸು ಮಾಡಿದ.

ಪಂಚಮಿ ಮುಗಿಸಿ ಊರಿಗೆ ಹೋಗಿದ್ದ ಅವ್ವ ದಸರೆಗೆ ಮತ್ತೆ ಬಂದಿದ್ದಳು. ಇದು ಯಾವ ಜೀವವನ್ನೂ ಮುಟ್ಟುವುದಿಲ್ಲ, ಬರೀ ಒದರುತ್ತದೆ ಎಂದು ತಾತ ಮಾತು ಕೊಟ್ಟ ಮೇಲೆ ದನದ ಕೊಟ್ಟಿಗೆಯ ಆಚೆ ಅದಕ್ಕೆ ಜಾಗ ಕೊಟ್ಟಳು. ಮುಟ್ಟಲಿಲ್ಲ, ದೂರದಿಂದಲೇ ರೊಟ್ಟಿ ಹಾಕಿದಳು. ಸೋಮವಾರ ಬಂದಾಗ ಮನೆಯಲ್ಲಿ ಒಲೆ ಹೊತ್ತದೆ ಅದಕ್ಕೂ ಒಪ್ಪತ್ತಾಯಿತು. ಸಂಜೆ ಪೂಜೆಯ ಗಂಟೆ ಕೇಳಿ ಬಾಗಿಲಲ್ಲಿ ಬಂದು ಕೂತದ್ದನ್ನು ನೋಡಿ, ಇದಕ್ಕ ಸಂಸ್ಕಾರ ಐತಿ ಎಂದಳು.

ಮರುದಿನದಿಂದ ಕೆಲಸ. ಬೆಳಿಗ್ಗೆ ಆರೂ ಹತ್ತಕ್ಕೆ ಗುಡ್ಡದ ಬುಡದಲ್ಲಿ ಹಾಜರಿ: ತಾತ, ಮಾವ, ನಾನು, ನಾಯಿ. ಬಿಸಿಲು ಬಂಡೆಗಳ ಮೇಲೆ ಆಗಷ್ಟೇ ಬಿದ್ದಿತ್ತು. ತಾತ ಒಂದು ಪೊದೆ ತೋರಿಸಿದ, ಹಿಂದೆ ಎರಡು ದೊಡ್ಡ ಬಂಡೆ, ನಡುವೆ ಕತ್ತಲ ಸಂದಿ. ನಾಯಿಯನ್ನು ಬಿಟ್ಟೆ. ಅದು ಹೊಟ್ಟೆ ಎಳೆದುಕೊಂಡು ಒಳಗೆ ಹೋಯಿತು. ಬಾಲವೂ ಹೋಯಿತು. ಸ್ವಲ್ಪ ಹೊತ್ತು ಏನೂ ಇಲ್ಲ. ಹೆಡ್‌ಮಿಸ್ಟ್ರೆಸ್ಸರಿಗೆ ಏನು ಹೇಳಲಿ ಎಂಬ ವಾಕ್ಯವನ್ನು ಮನಸ್ಸಿನಲ್ಲೇ ಕಟ್ಟತೊಡಗಿದೆ.

ಆಮೇಲೆ ಗುಡ್ಡವೇ ಬೊಗಳಿತು. ಸಂದಿಯೊಳಗೆ ಆ ಗಂಟಲು ಹತ್ತರಷ್ಟಾಗಿ ಹೊರಬಂತು, ನಾಲ್ಕು ದಿಕ್ಕಿನ ಬಂಡೆಗಳಿಗೆ ಬಡಿದು ವಾಪಸು ಬಂತು. ಒಳಗಿದ್ದ ನಾಯಿ ಎಷ್ಟು ದೊಡ್ಡದೋ ಎಂದು ನನಗೇ ಅನುಮಾನ ಬಂತು, ಹಂದಿಗಳಿಗೆ ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಮೊದಲು ಒಂದು ದೊಡ್ಡ ಹೆಣ್ಣು ಹಂದಿ ಹೊರಬಿತ್ತು, ಅದರ ಹಿಂದೆ ಮೈ ಮೇಲೆ ಪಟ್ಟೆಯಿದ್ದ ಮರಿಗಳು, ಕೊನೆಗೆ ಉಳಿದವು. ಒಂದರ ಹಿಂದೊಂದು, ಅಂತರ ಕಾಯ್ದುಕೊಂಡು ಓಡಿದವು. ಅಭ್ಯಾಸಬಲದಿಂದ ನಾನು ಎಣಿಸಿದೆ, ಹನ್ನೊಂದು. ಮಾವ ಯಾವಾಗ ಹತ್ತಿದನೋ, ಪಕ್ಕದ ಬಂಡೆಯ ತುದಿಯಲ್ಲಿ ನಿಂತು ನಮಗೆ ಧೈರ್ಯ ಹೇಳುತ್ತಿದ್ದ. ಅವನ ಪಂಚೆ ಅರ್ಧ ದಾರಿಯಲ್ಲಿ ಮುಳ್ಳಿಗೆ ಸಿಕ್ಕಿಕೊಂಡಿತ್ತು. ಎಲ್ಲ ಹೋದ ಮೇಲೆ ನಾಯಿ ಹೊರಬಂದು, ಮೈ ಕೊಡವಿ, ಇನ್ನಾರಾದರೂ ಇದ್ದಾರೆಯೇ ಎನ್ನುವಂತೆ ನಮ್ಮತ್ತ ತಿರುಗಿ ಬೊಗಳಿತು. ಅದರ ಮೈ ಮೇಲೆ ಗೀರಿಲ್ಲ, ಹಂದಿಗಳ ಮೈ ಮೇಲೂ ಇಲ್ಲ. ಮಾವನ ಮೊಣಕಾಲಿಗೆ ಮಾತ್ರ ರಕ್ತ ಬಂದಿತ್ತು. ಅದು ಹೊಲದ ಹೊರಗೆ, ಅದಕ್ಕೆ ಲೆಕ್ಕವಿಲ್ಲ ಎಂದು ಅವ್ವನಿಗೆ ವರದಿ ಕೊಟ್ಟೆ.

ಒಂದು ದಿನವೂ ತಪ್ಪಿಸಲಿಲ್ಲ. ನಾಲ್ಕನೆಯ ದಿನ ಅವು ನಾಯಿಯ ಮೊದಲ ಬೊಗಳಿಗೇ ಎದ್ದವು. ಆರನೆಯ ದಿನ ನಾವು ಬರುವಾಗಲೇ ಗುಡ್ಡದ ಹೆಗಲ ಮೇಲೆ ನಡೆದುಹೋಗುತ್ತಿದ್ದವು. ಒಂಬತ್ತನೆಯ ದಿನ ಸಂದಿ ಖಾಲಿ. ಹತ್ತು, ಹನ್ನೊಂದು, ಖಾಲಿ. ತಾತ ಒಳಗಿನ ಮಣ್ಣು ಮೂಸಿ ನೋಡಿ, ಮನಿ ಖಾಲಿ ಮಾಡ್ಯಾವ ಎಂದ. ನನಗೆ ಆ ಬೆಳಿಗ್ಗೆ ಹೊಲದ ನಡುವೆ ನಿಂತು ಕುಣಿಯಬೇಕೆನಿಸಿತು. ತರಬೇತಿಯಾದವಳು, ಕುಣಿಯಲಿಲ್ಲ, ಇಪ್ಪತ್ತು ಸಲ ಜಿಗಿದೆ.

ರಜೆ ಮುಗಿಯುವ ಹಿಂದಿನ ದಿನ ಅಪ್ಪ ದೇಶನೂರಿನಿಂದ ಬಂದ. ದೀಪಾವಳಿ ಹತ್ತಿರ ಬಂದಿತ್ತು, ಬಲಿತ ಬೆಳೆ ನೋಡಿ ತೀರ್ಮಾನ ಹೇಳುವುದಿತ್ತು. ನಾವೆಲ್ಲ ಹೊಸ ಬಟ್ಟೆ ಉಟ್ಟವರ ಹಾಗೆ ಹೊಲಕ್ಕೆ ಹೊರಟೆವು. ಅವ್ವ ಮುಂದೆ.

ಅವ್ವ ಬದುವಿನ ಮೇಲೆ ನಿಂತುಬಿಟ್ಟಳು.

ಅಂಚಿನ ಸಾಲು ಅಗೆದಿತ್ತು. ಅದರ ಪಕ್ಕದ್ದೂ. ಬಳ್ಳಿ ಬುಡಮೇಲು, ಸಿಪ್ಪೆ ಚೆಲ್ಲಾಪಿಲ್ಲಿ. ಅಪ್ಪ ಕೈ ಹಿಂದೆ ಕಟ್ಟಿಕೊಂಡು ನೋಡಿದ. ನಾಳೆ ಸಿರುಗುಪ್ಪಕ್ಕೆ ಹೇಳಿ ಕಳಿಸುತ್ತೇನೆ ಎಂದು ಮೆಲ್ಲಗೆ ಹೇಳಿದ. ಅವ್ವ ತನ್ನ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. ಉಡಿ ಕಟ್ಟಿಕೊಳ್ಳಲು ತಂದಿದ್ದ ಸೆರಗು.

ಹತ್ತು ನಿಮಿಷ ಕೊಡಪ್ಪ ಎಂದು ನಾನು ಸಾಲಿನಲ್ಲಿ ಬಗ್ಗಿದೆ. ಹಂದಿ ಅಗೆದರೆ ನೇಗಿಲು ಹೋದಂತಿರುತ್ತದೆ. ಇಲ್ಲಿ ಒಂದೊಂದು ಬಳ್ಳಿಗೂ ಒಂದೊಂದು ಗುಂಡಿ, ಗೇಣಿಗೆ ಒಂದರಂತೆ, ಅಳೆದು ತೋಡಿದ ಹಾಗೆ. ಗೊರಸಿನ ಗುರುತು ಎಲ್ಲೂ ಇಲ್ಲ. ಹಂದಿ ಸಿಪ್ಪೆ ಸಮೇತ ಅಗಿಯುತ್ತದೆ. ಇಲ್ಲಿ ಸಿಪ್ಪೆ ನೀಟಾಗಿ ಎರಡು ಹೋಳು. ಮೊಣಕಾಲೂರಿ ಮುಂದೆ ಮುಂದೆ ಹೋದೆ. ಸಾಲಿನ ಕೊನೆಯಲ್ಲಿ ಒಂದು ಬಾಲ ಅಲ್ಲಾಡುತ್ತಿತ್ತು.

ಅದು ಬಳ್ಳಿಯ ಬುಡ ಕಚ್ಚಿಕೊಂಡು, ನಾಲ್ಕೂ ಗಿಡ್ಡ ಕಾಲುಗಳನ್ನು ನೆಲಕ್ಕೆ ಊರಿ, ಇಡೀ ಉದ್ದದ ಮೈಯಿಂದ ಹಿಂದಕ್ಕೆ ಜಗ್ಗುತ್ತಿತ್ತು. ಬಳ್ಳಿ ಕಿತ್ತು ಬಂದಾಗ ಹಿಂದಕ್ಕೆ ಬಿದ್ದು, ಎದ್ದು, ಮುಂಗಾಲಲ್ಲಿ ಕಾಯಿ ಒತ್ತಿ ಹಿಡಿದು, ಬಿಡಿಸಿ ತಿಂದಿತು. ನಮ್ಮನ್ನು ನೋಡಿ ಎರಡು ಸಲ ಬಾಲ ಆಡಿಸಿ ಮುಂದಿನ ಬಳ್ಳಿಗೆ ಹೋಯಿತು. ಹೊಟ್ಟೆ ನೆಲಕ್ಕೆ ತಾಗುತ್ತಿತ್ತು.

ಅಪ್ಪ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡಿದ. ಬೇಟೆ ನಾಯಿ ಶೇಂಗಾ ತಿಂತೈತಿ ಎಂದ, ಯಾರಿಗೂ ಅಲ್ಲ.

"ಏನ್ ಮಾಡೂದು ಭಾವ," ಎಂದ ಮಾವ. "ಅಕ್ಕ ಲಿಂಗ ಒಂದು ಕಟ್ಟಿಲ್ಲ, ಉಳಿದದ್ದೆಲ್ಲ ಕಲಿಸ್ಯಾಳ."

ಅಪ್ಪ ನಗುವವನಲ್ಲ. ಅವತ್ತು ಬದುವಿನ ಮೇಲೆ ಕೂತು ನಕ್ಕ. ಟವೆಲಿನಿಂದ ಕಣ್ಣು ಒರೆಸಿಕೊಂಡ, ಮತ್ತೆ ನಾಯಿಯನ್ನು ನೋಡಿ ಮತ್ತೆ ನಕ್ಕ. ಮಾವ ಬಿದ್ದು ಹೊರಳಿದ. ನಾನು ಸೀಟಿ ಊದಿ ನಿಲ್ಲಿಸಬೇಕೆಂದುಕೊಂಡೆ, ಊದಲು ಉಸಿರಿರಲಿಲ್ಲ.

ನಗದೆ ನಿಂತವಳು ಅವ್ವ ಒಬ್ಬಳೇ. ಅಪ್ಪನನ್ನು ಅವಳು ಎದುರು ನಿಂತು ಕೇಳಿದ್ದು ನಾನು ಕಂಡಂತೆ ಅದೊಂದೇ ಸಲ.

"ನಕ್ಕಿದ್ದು ಸಾಕ್ರಿ. ನನ್ನ ಹೊಲ ಏನ್ ಮಾಡ್ತೀರಿ ಹೇಳ್ರಿ."

ಅಪ್ಪ ಟವೆಲು ಮಡಿಚಿ ಹೆಗಲಿಗೆ ಹಾಕಿಕೊಂಡ.

"ಹನ್ನೊಂದು ಹಂದಿ ಹೋಗಿ ಒಂದು ಗಿಡ್ಡ ನಾಯಿ ಬಂದೈತಿ. ಇದು ಐದೆಕರೆ ತಿಂದ್ರ ದೇಶನೂರಿನ ಗದ್ದಿನೂ ಇದರ ಹೆಸರಿಗೇ ಬರಿತೀನಿ. ಹೊಲ ನಿಂದು. ನಿನ್ನ ಹೆಸರಿಗೆ ಕಾಗದ ಮಾಡಿಸ್ತೀನಿ."

ಮಾಡಿಸಿದ. ದೀಪಾವಳಿ ಮುಗಿದ ವಾರ ಶೇಂಗಾ ಕೀಳಲು ಹೆಣ್ಣಾಳುಗಳು ಬಂದರು. ನಾನು ಒಂದು ದಿನದ ರಜೆ ಬರೆದುಕೊಟ್ಟು ಹೋಗಿದ್ದೆ. ಒಬ್ಬೊಬ್ಬರು ಒಂದೊಂದು ಸಾಲು ಹಿಡಿದರು. ನಾಯಿ ಅವರ ನಡುವೆ ನುಗ್ಗಿ ಯಾರ ಸಾಲಿನಲ್ಲೆಂದರೆ ಅಲ್ಲಿ ಜಗ್ಗತೊಡಗಿತು. ಇದನ್ನ ಕಟ್ಟಿ ಹಾಕ್ರಿ ಅವ್ವಾರೆ, ಇಲ್ಲಾ ನಮ್ಮನ್ನ ಮನಿಗಿ ಕಳಸ್ರಿ ಎಂದು ಅವರು ಗಲಾಟೆ ಎಬ್ಬಿಸಿದರು. ಉಡಿ ತುಂಬಿಕೊಂಡು ನಿಂತಿದ್ದ ಅವ್ವ ಬಂದು, ಮೊದಲ ಸಲ ಅದನ್ನು ಎರಡೂ ಕೈಯಿಂದ ಎತ್ತಿ, ಕೊನೆಯ ಸಾಲಿನ ತಲೆಯಲ್ಲಿ ಇಳಿಸಿ, ಇದು ನಿಂದು ಎಂದಳು.

ಮಧ್ಯಾಹ್ನ ರೊಟ್ಟಿಗೆ ಕೂಗುವ ಹೊತ್ತಿಗೆ ಅದು ಸಾಲು ಮುಗಿಸಿತ್ತು. ಹೆಣ್ಣಾಳುಗಳು ಕಿತ್ತ ಸಾಲಿನ ಮಣ್ಣು ಕೆದಕಿದರೆ ಅಲ್ಲೊಂದು ಇಲ್ಲೊಂದು ಕಾಯಿ ಸಿಗುತ್ತಿತ್ತು. ಅದರ ಸಾಲನ್ನು ನಾನು ಈ ತುದಿಯಿಂದ ಆ ತುದಿಯವರೆಗೆ ಕೆದಕಿ ನೋಡಿದೆ. ಒಂದೂ ಸಿಗಲಿಲ್ಲ.